ಬೊಜಾದೋರಿನ ಆಚೆಯ ಗೆರೆ

ನಕ್ಷೆ ಬಂದದ್ದು ಜನವರಿಯ ಒಂದು ಮಂಗಳವಾರ. ಉದ್ದನೆಯ ಮರದ ಪೆಟ್ಟಿಗೆಯನ್ನು ಇಬ್ಬರು ಜೋಪಾನವಾಗಿ ಹೊತ್ತು ತಂದು, ನನ್ನಿಂದ ಮೂರು ಕಡೆ ಸಹಿ ಹಾಕಿಸಿಕೊಂಡು ಹೋದರು. ಬಂದ ಕೂಡಲೇ ತೆರೆಯುವಂತಿಲ್ಲ. ಒಳಗಿರುವುದು ಚರ್ಮ. ಹೊರಗಿನ ಚಳಿಯಲ್ಲಿ ಬಂದದ್ದು ನಮ್ಮ ಕೋಣೆಯ ಗಾಳಿಗೆ ಹೊಂದಿಕೊಳ್ಳಲು ಇಡೀ ಒಂದು ದಿನ ಬೇಕು. ಅವಸರಪಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಹಾಗಾಗಿ ಬುಧವಾರದವರೆಗೆ ನಾನು ಪೆಟ್ಟಿಗೆಯ ಸುತ್ತ ಸುಮ್ಮನೆ ಸುಳಿದಾಡಿಕೊಂಡಿದ್ದೆ.

ಬರ್ಮಿಂಗ್‌ಹ್ಯಾಮಿನ ಒಂದು ಸಂಗ್ರಹಾಲಯದ ದುರಸ್ತಿ ಕೋಣೆಯಲ್ಲಿ ನನಗೆ ಆಗ ಒಂದು ವರ್ಷದ ಗುತ್ತಿಗೆ ಕೆಲಸ. ಸೆಪ್ಟೆಂಬರಿಗೆ ಮುಗಿಯುವಂಥದ್ದು. ಹೆಂಡತಿಗೆ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ನಾವು ಮಗಳ ಜೊತೆ ಪಕ್ಕದ ಸಟನ್ ಕೋಲ್ಡ್‌ಫೀಲ್ಡಿಗೆ ಬಂದಾಗಿನಿಂದ ನಾನು ಎಲ್ಲರ ಬಾಯಲ್ಲೂ ಡಾಕ್ಟರ್ ಅವರ ಗಂಡ. ಮೈಸೂರಿನಲ್ಲಿ ಓಲೆಗರಿಗಳ ದುರಸ್ತಿ ಮಾಡುತ್ತಿದ್ದೆ ಎಂದರೆ ಇಲ್ಲಿಯವರು ಆಹಾ ಎನ್ನುತ್ತಿದ್ದರು, ಆಮೇಲೆ ಮಾತು ಹವಾಮಾನದ ಕಡೆ ತಿರುಗುತ್ತಿತ್ತು. ಈ ನಕ್ಷೆ ನನಗೆ ಈ ದೇಶದಲ್ಲಿ ಸಿಕ್ಕ ಮೊದಲ ದೊಡ್ಡ ಕೆಲಸ. ಇದನ್ನು ಚೆನ್ನಾಗಿ ಮಾಡಿದರೆ ಕೆಲಸ ಕಾಯಂ ಆಗಬಹುದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನೇ ಅಂದುಕೊಂಡಿದ್ದೆ.

ತೆರೆದಾಗ ಕಂಡದ್ದು ಒಂದು ಹಳೆಯ ಸಮುದ್ರ ನಕ್ಷೆ. ಕರುವಿನದೋ ಕುರಿಯದೋ ಒಂದೇ ಚರ್ಮ, ಕುತ್ತಿಗೆಯ ಭಾಗ ಒಂದು ಕಡೆ ಚೂಪಾಗಿ ಹಾಗೇ ಉಳಿದಿತ್ತು. ಪೋರ್ಚುಗಲ್ಲಿನ ತೀರ, ಅದರ ಕೆಳಗೆ ಮೊರಾಕೊ, ಅದರ ಕೆಳಗೆ ಮರುಭೂಮಿಯ ತೀರ. ಊರುಗಳ ಹೆಸರುಗಳನ್ನು ನೆಲದ ಕಡೆಗೆ, ತೀರಕ್ಕೆ ಅಡ್ಡಲಾಗಿ, ಸಾಲಾಗಿ ಬರೆದಿದ್ದರು. ಕೆಳಕ್ಕೆ ಬರುತ್ತಾ ಹೆಸರುಗಳು ವಿರಳವಾಗಿ, ಕೊನೆಯಲ್ಲಿ ಒಂದೇ ಒಂದು: ಬೊಜಾದೋರ್ ಭೂಶಿರ. ಅಲ್ಲಿಗೆ ತೀರದ ಗೆರೆ ನಿಂತುಬಿಡುತ್ತಿತ್ತು. ಅದರ ಕೆಳಗೆ ಒಂದೂವರೆ ಗೇಣು ಬರಿ ಚರ್ಮ. ಅಂಚಿನಲ್ಲಿ ಇಲಿಯೋ ಹುಳುವೋ ತಿಂದ ತೂತಿಗೆ ಹತ್ತೊಂಬತ್ತನೆಯ ಶತಮಾನದ ಯಾರೋ ಕಾಗದದ ತೇಪೆ ಹಾಕಿ, ಕಂದು ಬಣ್ಣ ಬಳಿದು, ಗೋಂದು ಮೆತ್ತಿದ್ದರು.

ಬೊಜಾದೋರಿನ ವಿಷಯ ನನಗೆ ಹೇಳಿಕೊಟ್ಟವರು ನಮ್ಮ ಕ್ಯುರೇಟರ್. ನಿವೃತ್ತಿಯ ಅಂಚಿನಲ್ಲಿದ್ದ ಇಂಗ್ಲಿಷ್ ಹೆಂಗಸು, ಲೀಡ್ಸ್ ಕಡೆಯವರು, ಮಾತು ಕಡಿಮೆ. ಜೂನ್‌ನಲ್ಲಿ ತೆರೆಯಬೇಕಿದ್ದ ಪೋರ್ಚುಗೀಸ್ ಯಾನಗಳ ಪ್ರದರ್ಶನ ಅವರ ಕೊನೆಯ ಪ್ರದರ್ಶನ. ಅವರು ಹೇಳಿದ್ದು ಇಷ್ಟು: ಆ ಭೂಶಿರ ನೋಡಲು ಏನೂ ಅಲ್ಲ, ತಗ್ಗಾದ ಒಂದು ಮರಳಿನ ಮೂತಿ. ಆದರೆ ದಡದಿಂದ ಬಹಳ ದೂರದವರೆಗೆ ನೀರು ಆಳವಿಲ್ಲ, ಅಲೆಗಳು ನಡುನೀರಿನಲ್ಲೇ ಒಡೆಯುತ್ತವೆ, ಮೇಲೆ ಮಂಜು. ಗಾಳಿ ವರ್ಷವೆಲ್ಲ ಉತ್ತರದಿಂದ ಬೀಸುತ್ತದೆ, ಪ್ರವಾಹವೂ ದಕ್ಷಿಣಕ್ಕೆ. ಹೋಗುವುದು ಸುಲಭ, ಬರುವುದು ಹೇಗೆ? ಹದಿನೈದನೆಯ ಶತಮಾನದಲ್ಲಿ ಪೋರ್ಚುಗಲ್ಲಿನ ಒಬ್ಬ ರಾಜಕುಮಾರ ಹಡಗಿನ ಮೇಲೆ ಹಡಗು ಕಳಿಸಿದ, ಎಲ್ಲ ಅಲ್ಲಿಯವರೆಗೆ ಹೋಗಿ ವಾಪಸು ಬಂದವು. ಅವನ ಸೇವಕನೊಬ್ಬ ಮೊದಲ ಸಲ ಹೆದರಿ ತಿರುಗಿ ಬಂದ. ಎರಡನೆಯ ಸಲ ದಡ ಬಿಟ್ಟು ದೂರ ಸಮುದ್ರಕ್ಕೆ ಸರಿದು, ಸುತ್ತು ಹಾಕಿ ದಾಟಿದ. ಆಚೆ ಕಡೆ ಸಮುದ್ರ ಶಾಂತವಾಗಿತ್ತು, ದಡದಲ್ಲಿ ಮನುಷ್ಯರ ಸುಳಿವಿರಲಿಲ್ಲ. ಬಂದದ್ದಕ್ಕೆ ಸಾಕ್ಷಿ ಬೇಕಲ್ಲ, ಅಲ್ಲಿ ಬೆಳೆದಿದ್ದ ಒಂದಿಷ್ಟು ಗಿಡಗಳನ್ನು ಕಿತ್ತು ಪೀಪಾಯಿಯಲ್ಲಿ ಹಾಕಿಕೊಂಡು ಹೋದ. ಆ ಒಂದು ತಿರುವಿನಿಂದಲೇ ಮುಂದೆ ಅವರ ಹಡಗುಗಳು ನಮ್ಮ ಕರಾವಳಿಯವರೆಗೂ ಬಂದದ್ದು ಎಂದು ಅವರು ಹೇಳಿದಾಗ, ನನಗೆ ಆ ಗಿಡಗಳ ಮೇಲೆ ಸ್ವಲ್ಪ ಸಿಟ್ಟೂ ಬಂತು.

ನಮ್ಮ ಕೆಲಸದಲ್ಲಿ ಮೊದಲು ಕೈಹಾಕುವುದಿಲ್ಲ, ಮೊದಲು ಚಿತ್ರ ತೆಗೆಯುತ್ತೇವೆ. ಕೋಣೆ ಕತ್ತಲು ಮಾಡಿ, ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಒಂದು ಬದಿಯಿಂದ ಬೆಳಕು ಬಿಟ್ಟರೆ ಚರ್ಮದ ಪ್ರತಿ ಸುಕ್ಕು, ಪ್ರತಿ ಚುಕ್ಕೆ ನೆರಳು ಬಿಡುತ್ತದೆ. ಹಾಗೆ ಇಪ್ಪತ್ತೆರಡು ಚಿತ್ರ ತೆಗೆದು ನಿಯಮದಂತೆ ಕ್ಯುರೇಟರಿಗೂ ಕಳಿಸಿದೆ. ಆ ಓರೆ ಬೆಳಕಿನಲ್ಲೇ ನನಗೆ ಅದು ಕಂಡದ್ದು. ಬೊಜಾದೋರಿನ ಕೆಳಗಿನ ಬರಿ ಚರ್ಮದಲ್ಲಿ, ಮಸಿಯಿಲ್ಲದ, ಮೊನೆಯಿಂದ ಒತ್ತಿ ಎಳೆದ ಒಂದು ಗೆರೆ. ಒಳಕ್ಕೆ ಬಾಗಿ ಕೊಲ್ಲಿ, ಹೊರಕ್ಕೆ ಚಾಚಿ ಮತ್ತೊಂದು ಮೂತಿ, ಮತ್ತೆ ಕೊಲ್ಲಿ. ಅದು ತೀರ. ಭೂಶಿರದ ಆಚೆಯ ತೀರ.

ಓಲೆಗರಿಯ ಮೇಲೆ ಬರೆಯುವುದು ಹೇಗೆಂದು ಬಲ್ಲವರಿಗೆ ನನ್ನ ಎದೆ ಯಾಕೆ ಹೊಡೆದುಕೊಂಡಿತೆಂದು ತಿಳಿಯುತ್ತದೆ. ಗರಿಯ ಮೇಲೆ ಕಬ್ಬಿಣದ ಕಂಟದ ಮೊನೆಯಿಂದ ಅಕ್ಷರ ಕೊರೆಯುತ್ತಾರೆ, ಆಮೇಲೆ ಕಾಡಿಗೆ ಸವರಿ ಒರೆಸುತ್ತಾರೆ, ಕಪ್ಪು ಗೀರಿನೊಳಗೆ ನಿಲ್ಲುತ್ತದೆ. ಕಾಲ ಕಳೆದಂತೆ ಕಪ್ಪು ಹೋಗುತ್ತದೆ, ಗೀರು ಉಳಿಯುತ್ತದೆ. ಬರಿಯ ಗರಿ ಎಂದು ಬೇರೆಯವರು ಪಕ್ಕಕ್ಕಿಟ್ಟದ್ದನ್ನು ಬೆಳಕಿಗೆ ಓರೆ ಹಿಡಿದು ಓದಿದವನು ನಾನು. ಹದಿನಾಲ್ಕು ವರ್ಷ ಅದನ್ನೇ ಮಾಡಿದ ಕಣ್ಣಿಗೆ ಮಸಿಯಿಲ್ಲದ ಗೀರು ಎಂದರೆ ಒಂದೇ ಅರ್ಥ: ಇಲ್ಲಿ ಮಸಿ ಇತ್ತು, ಈಗ ಹೋಗಿದೆ.

ಅದನ್ನೇ ಕ್ಯುರೇಟರಿಗೆ ಹೇಳಿದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿ ನೋಡಿದರು, ಆಮೇಲೆ ಸ್ಟೂಲ್ ಎಳೆದುಕೊಂಡು ಕೂತರು. ಪೋರ್ಚುಗೀಸರು ಹೊಸ ತೀರಗಳನ್ನು ಗುಟ್ಟಾಗಿ ಇಡುತ್ತಿದ್ದರು ಎಂಬ ವಾದ ಇದೆಯಂತೆ, ಆದರೆ ಸಾಕ್ಷಿ ಬಹಳ ಕಡಿಮೆಯಂತೆ. ಭೂಶಿರದ ಆಚೆಯ ತೀರವನ್ನು ಬರೆದು, ಆಮೇಲೆ ಬೇಕೆಂದೇ ಉಜ್ಜಿ ಅಳಿಸಿದ ನಕ್ಷೆ ಇದಾದರೆ ಎಂದು ಅರ್ಧಕ್ಕೆ ನಿಲ್ಲಿಸಿದರು. ನಾನು ತಲೆಯಾಡಿಸಿದೆ. ಆ ದಿನ ಸಂಜೆ ಟ್ರೈನಿನಲ್ಲಿ ಮನೆಗೆ ಬರುವಾಗ ನನಗೆ ಕೋಡು ಮೂಡಿದ್ದು ನಿಜ.

ಮುಂದಿನ ವಾರಗಳಲ್ಲಿ ಕೆಲಸ ಕೈಕೊಟ್ಟಿತು. ಸುಕ್ಕು ಬಿಡಿಸಲು ಚರ್ಮಕ್ಕೆ ತೇವ ಕೊಡಬೇಕು, ಆದರೆ ನೀರು ತಾಗಬಾರದು. ಆವಿ ಮಾತ್ರ ಹಾಯುವ ಬಟ್ಟೆಯನ್ನು ಹಾಸಿ, ಅದರ ಮೇಲೆ ಒದ್ದೆ ಕಾಗದ ಇಟ್ಟು, ಹತ್ತು ಹತ್ತು ನಿಮಿಷಕ್ಕೆ ಎತ್ತಿ ನೋಡುತ್ತಾ, ಚರ್ಮ ಮೆದುವಾದಾಗ ಅಂಚುಗಳಿಗೆ ಕ್ಲಿಪ್ಪು ಕಚ್ಚಿಸಿ ಮೆಲ್ಲಗೆ ಎಳೆದು ಒಣಗಿಸಬೇಕು. ಎರಡನೆಯ ದಿನವೇ ನಕ್ಷೆಯಲ್ಲಿ ದಿಕ್ಕು ತೋರಿಸುವ ಹೂವಿನಾಕಾರದ ಚಿತ್ರದ ಹಸಿರು ಬಣ್ಣ ಚಕ್ಕೆ ಏಳತೊಡಗಿತು. ಎಲ್ಲ ನಿಲ್ಲಿಸಿ, ಒಂದೊಂದು ಚಕ್ಕೆಯ ಅಡಿಗೂ ಸಣ್ಣ ಕುಂಚದಿಂದ ತೆಳು ಅಂಟು ಬಿಡುತ್ತಾ ಮೂರು ವಾರ ಹೋಯಿತು. ಕಾಗದದ ತೇಪೆ ತೇವಕ್ಕೆ ಊದಿಕೊಂಡಿತ್ತು, ಅದನ್ನು ಹಾಗೇ ಬಿಟ್ಟೆ. ಗೀರಿನಲ್ಲಿ ಮಸಿಯ ಕುರುಹು ಇದೆಯೇ ಎಂದು ಪರೀಕ್ಷಿಸುವುದನ್ನು ಆಮೇಲೆ ಮಾಡೋಣ ಎಂದು ಮುಂದಕ್ಕೆ ಹಾಕಿದೆ. ಅಷ್ಟರಲ್ಲಿ ಪ್ರದರ್ಶನದ ಪುಸ್ತಕ ಅಚ್ಚಿಗೆ ಹೋಯಿತು. ಅದರಲ್ಲಿ ನಾಲ್ಕು ಪುಟ, ಅಳಿಸಿದ ತೀರ ಎಂಬ ಶೀರ್ಷಿಕೆ, ಕೆಳಗೆ ನನ್ನ ಹೆಸರು. ಸ್ಥಳೀಯ ಪತ್ರಿಕೆಯಲ್ಲೂ ಬಂತು. ಹೆಂಡತಿಯ ಆಸ್ಪತ್ರೆಯ ನರ್ಸೊಬ್ಬರು ಅದನ್ನು ಕತ್ತರಿಸಿ ತಂದುಕೊಟ್ಟರಂತೆ. ಮೊದಲ ಸಲ ಅವಳು ನಕ್ಷೆಯವನ ಹೆಂಡತಿ ಆದಳು. ಇದೇ ಆಧಾರದ ಮೇಲೆ ನನ್ನ ಕೆಲಸ ಕಾಯಂ ಮಾಡಬೇಕೆಂದು ಕ್ಯುರೇಟರ್ ಮೇಲಿನವರಿಗೆ ಬರೆದರು. ಆ ಪತ್ರದ ಪ್ರತಿಯನ್ನು ನನಗೂ ತೋರಿಸಿದರು.

ಮೇ ತಿಂಗಳ ಮೊದಲ ವಾರ ಬೀಸ್ಟನ್‌ನಿಂದ ಒಬ್ಬ ಸಂಶೋಧಕಿ ಬಂದಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೇಲ್ಮೈಗಳ ಎತ್ತರ ತಗ್ಗುಗಳನ್ನು ಕೂದಲೆಳೆಗಿಂತ ಸೂಕ್ಷ್ಮವಾಗಿ ಅಳೆಯುವ ಕೆಲಸ ಅವಳದು. ಪ್ರದರ್ಶನದ ದೊಡ್ಡ ಪರದೆಯ ಮೇಲೆ ನಮ್ಮ ಗೀರನ್ನು ಕಣಿವೆಯ ಹಾಗೆ ತೋರಿಸಬೇಕಿತ್ತು. ಧಾರವಾಡದವಳೆಂದು ಗೊತ್ತಾದ ಮೇಲೆ ಇಬ್ಬರೂ ಬೆಂಗಳೂರಿನ ಕನ್ನಡದಲ್ಲಿ, ಯಾರಿಗೂ ಸೇರದ ಆ ನಡುವಿನ ಭಾಷೆಯಲ್ಲಿ ಹರಟಿದೆವು. ಅವಳು ಯಂತ್ರ ಜೋಡಿಸಿ ಎರಡು ಗಂಟೆ ಕೆಲಸ ಮಾಡಿದಳು. ಆಮೇಲೆ ಪರದೆಯ ಚಿತ್ರವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ಮತ್ತೆ ದೊಡ್ಡದು ಮಾಡಿದಳು.

“ಸರ್, ತಪ್ಪು ತಿಳೀಬ್ಯಾಡ್ರಿ,” ಎಂದಳು. ಗಾಬರಿಗೆ ಅವಳ ಊರಿನ ಮಾತೇ ಬಂದಿತ್ತು. “ಈ ಗೆರಿ ತ್ಯಾಪಿ ಮ್ಯಾಲೂ ಐತಲ್ರಿ.”

ನಾನು ನೋಡಿದೆ. ಚರ್ಮದ ಮೇಲೆ ಹರಿದು ಬಂದ ಗೀರು ತೂತಿನ ಅಂಚಿನಲ್ಲಿ ನಿಲ್ಲದೆ, ಹತ್ತೊಂಬತ್ತನೆಯ ಶತಮಾನದ ಆ ಕಾಗದದ ಮೇಲೂ ಅದೇ ಬಾಗಿನಲ್ಲಿ ಮುಂದುವರಿದಿತ್ತು. ನಾನು ಕೊಟ್ಟ ತೇವಕ್ಕೆ ಕಾಗದ ಊದಿ ಗೀರು ಬರಿಗಣ್ಣಿಗೆ ಮಾಯವಾಗಿತ್ತು, ಯಂತ್ರಕ್ಕೆ ಆಗಿರಲಿಲ್ಲ. ಗೀರು ಹಾದಲ್ಲೆಲ್ಲ ಒಣಗಿದ ಗೋಂದು ಸೀಳುಬಿಟ್ಟಿತ್ತು. ಗೋಂದು ಒಣಗಿದ ಮೇಲೆ ಯಾರೋ ಒತ್ತಿದ್ದಾರೆ. ಯಾವನೋ ಒಬ್ಬ ಮಾಲೀಕ ಈ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಇದರ ಮೇಲೆ ಇನ್ನೊಂದು ನಕ್ಷೆಯನ್ನೂ ತೆಳು ಕಾಗದವನ್ನೂ ಇಟ್ಟು, ಚೂಪು ಪೆನ್ಸಿಲಿನಿಂದ ಅದರ ಪ್ರತಿ ತೆಗೆದಿದ್ದಾನೆ, ಅಷ್ಟೇ. ನಮ್ಮ ಗುಟ್ಟಿನ ತೀರ ಎಂದರೆ ಅವನ ಕೈಯ ಭಾರ. ಮಸಿ ಅಲ್ಲಿ ಯಾವತ್ತೂ ಇರಲಿಲ್ಲ.

ಓಡಿಹೋಗಿ ಜನವರಿಯ ಚಿತ್ರಗಳನ್ನು ತೆಗೆದೆ. ಏಳನೆಯ ಚಿತ್ರದಲ್ಲಿ, ತೇವ ಕೊಡುವ ಮೊದಲು, ತೇಪೆಯ ಮೇಲೆ ಗೀರು ಸ್ಪಷ್ಟವಾಗಿತ್ತು. ನಾನೇ ತೆಗೆದ ಚಿತ್ರ, ನಾನೇ ನೋಡಿರಲಿಲ್ಲ. ಇದೂ ಓಲೆಗರಿಯ ರೂಢಿಯೇ. ಮುರಿದ ಗರಿಗೆ ಸೇರಿಸಿದ ಹೊಸ ತುಂಡಿನಲ್ಲಿ ಅಕ್ಷರ ಇರುವುದಿಲ್ಲ, ಅಲ್ಲಿಗೆ ಬಂದರೆ ನಮ್ಮ ಕಣ್ಣು ತಾನಾಗಿ ಹಾರಿ ಆಚೆ ಹೋಗುತ್ತದೆ. ಯಾವುದನ್ನು ನನ್ನ ವಿದ್ಯೆ ಎಂದು ಎದೆಯುಬ್ಬಿಸಿದ್ದೆನೋ ಅದೇ ನನ್ನ ಕಣ್ಣು ಕಟ್ಟಿತ್ತು. ಸಂಶೋಧಕಿ ಯಂತ್ರ ಮಡಚಿದಳು. ವರದಿ ಯಾವಾಗ ಕಳಿಸಲಿ ಎಂದು ಕೇಳಿದಳು. ಒಂದು ವಾರ ಕೊಡು ಎಂದೆ. ಬೀಸ್ಟನ್ನಿಗೆ ಹೋಗುವ ಟ್ರೈನು ಹಿಡಿಯಲು ಅವಳು ಹೊರಟಾಗ ನನ್ನ ಮುಖ ನೋಡಲಿಲ್ಲ.

ಆ ವಾರ ನಾನು ಕಳ್ಳನ ಹಾಗೆ ಬದುಕಿದೆ. ಕ್ಯುರೇಟರ್ ಕಾರಿಡಾರಿನಲ್ಲಿ ಕಂಡರೆ ಕಣ್ಣು ತಪ್ಪಿಸುತ್ತಿದ್ದೆ. ವಾದಗಳನ್ನೂ ಹೆಣೆದೆ. ಗೀರಿನ ಮೇಲಿನ ಅರ್ಧ ಹಳೆಯದು, ಕೆಳಗಿನ ಅರ್ಧ ಹೊಸದು ಇರಬಾರದೇಕೆ? ಹೇಳಿದರೆ ನನ್ನ ಕೆಲಸ ಮಾತ್ರ ಹೋಗುವುದಲ್ಲ, ಮೂವತ್ತು ವರ್ಷ ದುಡಿದ ಹೆಂಗಸು ಕೊನೆಯ ದಿನಗಳಲ್ಲಿ ನಗೆಪಾಟಲಾಗುತ್ತಾರೆ. ಅವರ ಮಾನ ಉಳಿಸಲಿಕ್ಕಾದರೂ ಸುಮ್ಮನಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುವಾಗಲೇ ನಾಚಿಕೆಯಾಯಿತು, ಯಾಕೆಂದರೆ ನನಗೆ ಬೇಕಾಗಿದ್ದದ್ದು ನನ್ನ ಹೆಸರು.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕ್ಯುರೇಟರಿಗೆ ಒಂದು ಇಮೇಲ್ ಬರೆಯತೊಡಗಿದೆ. ಸಾಧ್ಯತೆಯನ್ನು ಪರಿಶೀಲಿಸಬೇಕಾಗಬಹುದು ಎಂಬಂಥ ವಾಕ್ಯಗಳು. ಹೆಂಡತಿ ಹಿಂದೆ ನಿಂತು ಓದಿದಳು. ಅವಳಿಗೆ ಆ ವಾರದ ಡ್ಯೂಟಿ ಪಟ್ಟಿಯಲ್ಲಿ ಸಿಕ್ಕ ಒಂದೇ ರಜೆ ಅದು. ವಿಷಯ ನನ್ನಿಂದ ಮೊದಲೇ ಗೊತ್ತಿತ್ತು.

“ರೀ, ನಮ್ಮ ವಾರ್ಡಲ್ಲಿ ತಪ್ಪಾದ್ರೆ ಮೊದ್ಲು ಪೇಷೆಂಟ್ ಪಕ್ಕದಲ್ಲಿ ಕೂತ್ಕೊಂಡು, ನಾವು ತಪ್ಪು ಮಾಡಿದೀವಿ ಅಂತ ಬಾಯಲ್ಲಿ ಹೇಳ್ಬೇಕು. ಫಾರ್ಮು ಆಮೇಲೆ. ನೀವು ಫಾರ್ಮಿಂದ ಶುರು ಮಾಡಿದೀರಿ,” ಎಂದಳು.

ನನ್ನ ಕೆಲಸ ಹೋಗುತ್ತದೆ ಎಂದೆ. ಹೋಗಬಹುದು ಎಂದಳು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಸೋಫಾದಲ್ಲಿ ಕೂತು ಫೋನ್ ನೋಡುತ್ತಿದ್ದ ಮಗಳು ತಲೆ ಎತ್ತದೆ, “ಜಸ್ಟ್ ಟೆಲ್ ಹರ್, ಅಪ್ಪ,” ಎಂದಳು. ಇಬ್ಬರ ಮೇಲೂ ರೇಗಿಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ. ಇಮೇಲ್ ಕಳಿಸಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಕ್ಯುರೇಟರ್ ಕೋಣೆಯ ಬಾಗಿಲು ತಟ್ಟಿದೆ. ಕೂತೆ. ಗೀರು ನಕ್ಷೆ ಬರೆದವನದಲ್ಲ, ಬಹಳ ಈಚಿನದು, ನಾನು ತಪ್ಪು ಓದಿದೆ, ಪುಸ್ತಕದ ನಾಲ್ಕು ಪುಟ ಸುಳ್ಳಾಗಿದೆ ಎಂದೆ. ಏಳನೆಯ ಚಿತ್ರವನ್ನೂ ಬೀಸ್ಟನ್‌ನ ಅಳತೆಗಳನ್ನೂ ಮೇಜಿನ ಮೇಲಿಟ್ಟೆ. ಅವರು ಚಿತ್ರವನ್ನು ಮುಟ್ಟಲಿಲ್ಲ. ಕಿಟಕಿಯ ಕಡೆ ನೋಡುತ್ತಾ, ಥ್ಯಾಂಕ್ಯೂ, ಇವನ್ನು ಇಲ್ಲೇ ಬಿಟ್ಟುಹೋಗಿ ಎಂದರು. ಬೈದಿದ್ದರೆ ಚೆನ್ನಾಗಿತ್ತು. ಅಲ್ಲಿಂದ ಮೂರು ವಾರ ನಮ್ಮಿಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ನಾನು ದಾಖಲೆ ಬರೆದೆ. ನಾವು ಮುಟ್ಟಿದ ಪ್ರತಿ ವಸ್ತುವಿಗೂ ಒಂದು ದಾಖಲೆ ಇರುತ್ತದೆ, ಅದು ವಸ್ತುವಿನ ಜೊತೆಗೇ ಹೋಗುತ್ತದೆ, ಯಾರೂ ಹರಿದು ಬಿಸಾಕುವಂತಿಲ್ಲ. ಬಳಸಿದ ಅಂಟು, ಕೊಟ್ಟ ತೇವ, ಎದ್ದ ಚಕ್ಕೆಗಳು ಎಲ್ಲವನ್ನೂ ಬರೆದ ಮೇಲೆ ಕೊನೆಗೆ ಬರೆದೆ: ಭೂಶಿರದ ದಕ್ಷಿಣದ ಗೀರನ್ನು ಸಂರಕ್ಷಕನು ಹಳೆಯದೆಂದು ತಪ್ಪಾಗಿ ಗುರುತಿಸಿದನು. ಚಿಕಿತ್ಸೆಗೆ ಮುಂಚಿನ ಏಳನೆಯ ಚಿತ್ರದಲ್ಲಿ ಸಾಕ್ಷಿ ಇದ್ದರೂ ನೋಡಲಿಲ್ಲ. ಅದೊಂದು ಸಾಲು ಬರೆಯಲು ನನಗೆ ಒಂದು ಬೆಳಗ್ಗೆ ಪೂರ್ತಿ ಹಿಡಿಯಿತು.

ಜೂನ್‌ನಲ್ಲಿ ಪ್ರದರ್ಶನ ತೆರೆಯಿತು. ಪುಸ್ತಕದೊಳಗೆ ಒಂದು ಬಿಡಿ ಹಾಳೆ ಇಟ್ಟಿದ್ದರು, ನಾಲ್ಕು ಪುಟಗಳನ್ನು ಹಿಂತೆಗೆದುಕೊಳ್ಳಲಾಗಿದೆ ಎಂದು. ಕ್ಯುರೇಟರ್ ತಮ್ಮ ಭಾಷಣದಲ್ಲಿ ಮರಳಿನ ಆ ಮೂತಿ, ತಿರುಗಿ ಬಂದ ಹಡಗುಗಳು, ದಡ ಬಿಟ್ಟು ಸುತ್ತು ಹಾಕಿದ ಸೇವಕ, ಎಲ್ಲ ಹೇಳಿದರು. ನಕ್ಷೆಯ ವಿಷಯಕ್ಕೆ ಬಂದಾಗ, ಇದರ ತೀರ ಬೊಜಾದೋರಿನಲ್ಲಿ ಯಾಕೆ ನಿಲ್ಲುತ್ತದೆಂದು ನಮಗೆ ಗೊತ್ತಿಲ್ಲ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕ್ಯುರೇಟರ್ ಕಿವಿ ಕೆಂಪಾದದ್ದು ನನಗೆ ಕಂಡಿತು. ಅದು ನನ್ನಿಂದ ಆದದ್ದು ಎಂದು ಸಂಕಟಪಟ್ಟೆ. ಅದರ ಮುಂದಿನ ಸೋಮವಾರ ಮೇಲಿನಿಂದ ಪತ್ರ ಬಂತು, ನನ್ನ ಗುತ್ತಿಗೆ ಸೆಪ್ಟೆಂಬರಿಗೆ ಮುಗಿಯುತ್ತದೆ ಎಂದು.

ಅದೇ ದಿನ ಮಧ್ಯಾಹ್ನ ಕ್ಯುರೇಟರ್ ನನ್ನ ಕೋಣೆಗೆ ಬಂದರು. ಪತ್ರದ ವಿಷಯ ಮಾತಾಡಲು ಬಂದಿದ್ದಾರೆ ಎಂದುಕೊಂಡೆ. ನಕ್ಷೆಯ ದಾಖಲೆ ಕೊಡಿ ಎಂದರು. ಕೊಟ್ಟೆ. ನಿಂತೇ ಕೊನೆಯ ಪುಟದವರೆಗೆ ಓದಿದರು.

“ಜನವರಿಯಲ್ಲಿ ನೀವು ಚಿತ್ರಗಳನ್ನು ಕಳಿಸಿದ ದಿನವೇ ನಾನು ಏಳನೆಯದನ್ನು ನೋಡಿದ್ದೆ. ಗೀರು ತೇಪೆಯ ಮೇಲೆ ಹೋಗುವುದು ನನಗೆ ಕಂಡಿತ್ತು. ನೀವು ನೋಡಿರಬಹುದು, ಅದಕ್ಕೆ ಏನೋ ಕಾರಣ ಇರಬಹುದು ಎಂದುಕೊಂಡೆ. ಆಮೇಲೆ ನೀವು ನೋಡಿಲ್ಲ ಎಂದು ಗೊತ್ತಾಯಿತು. ಆಗಲೂ ಕೇಳಲಿಲ್ಲ,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಆ ಮೂರು ವಾರ, ಆ ಕೆಂಪು ಕಿವಿ, ನಾನು ಅವರಿಗಾಗಿ ಪಟ್ಟ ಸಂಕಟ ಎಲ್ಲ ಒಟ್ಟಿಗೆ ನೆನಪಾಯಿತು. ಯಾಕೆ ಎಂದು ಮಾತ್ರ ಕೇಳಿದೆ. ನಿಜವಾಗಿರಲಿ ಎಂದು ಬಹಳ ಆಸೆ ಇತ್ತು ಎಂದರು. ಆಸೆಯ ವಿಷಯದಲ್ಲಿ ಅವರನ್ನು ಬೈಯುವ ಬಾಯಿ ನನಗೂ ಇರಲಿಲ್ಲ.

“ಈ ಸಾಲು ಅಳಿಸಿ. ತಪ್ಪು ನಿಮ್ಮೊಬ್ಬರದು ಎಂದಿದೆ,” ಎಂದರು.

ದಾಖಲೆಯಲ್ಲಿ ಅಳಿಸುವಂತಿಲ್ಲ, ಸೇರಿಸಬಹುದು ಎಂದೆ. ಅದು ಅವರಿಗೆ ಗೊತ್ತಿದ್ದ ನಿಯಮವೇ. ಚಿತ್ರ ನೋಡಿಯೂ ಕೇಳದೆ ಇದ್ದದ್ದನ್ನು ಅವರು ಅಲ್ಲಿ ಸೇರಿಸಿದರೆ ಮೂವತ್ತು ವರ್ಷದ ಅವರ ಹೆಸರಿಗೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಬೇಡ ಬಿಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ನನ್ನ ಸ್ಟೂಲನ್ನು ಅವರ ಕಡೆ ಸರಿಸಿ, ಮಸಿ ತರುವಂತಿಲ್ಲದ ನಮ್ಮ ಕೋಣೆಯಲ್ಲಿ ಬರೆಯಲು ಇದ್ದ ಪೆನ್ಸಿಲ್ ಕೊಟ್ಟೆ.

ಅವರು ಕೂತು, ನನ್ನ ಸಾಲಿನ ಕೆಳಗೆ ನಿಧಾನವಾಗಿ ಬರೆದರು: ಏಳನೆಯ ಚಿತ್ರವನ್ನು ನಾನು ನೋಡಿದ್ದೆ.